ಏಳು ದಿನ ಹತ್ತಿರ ಬರಬೇಡಿ

ವಾರಿಜಾಳಿಗೆ ಸಿಟ್ಟು ಬಂದರೆ ಮನೆಯಲ್ಲಿ ಯಾರೂ ಅದನ್ನು ಸಿಟ್ಟೆಂದು ಗಣನೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಎರಡು ವರ್ಷದಿಂದ ಅವಳಿಗೆ ಥೈರಾಯ್ಡ್ ಹೆಚ್ಚಾಗಿತ್ತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಶಾಲೆಯಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆಯುವಾಗ ಸೀಮೆಸುಣ್ಣ ನಡುಗುತ್ತಿತ್ತು, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಗ್ಯಾಸ್ ಬುಕ್ ಮಾಡಲು ಮರೆತಿರಲ್ಲ ಎಂದು ಗಂಡ ಸೀನುವನ್ನು ಕೇಳಿದರೂ ಸಾಕು, ಅವನು ತನ್ನ ತಾಯಿಯ ಕಡೆ ತಿರುಗಿ "ಥೈರಾಯ್ಡು" ಎಂದು ಮೆಲ್ಲಗೆ ಹೇಳುವನು. ಮೀನಾಕ್ಷಮ್ಮ ಅರ್ಥವಾಯಿತೆಂಬಂತೆ ತಲೆಯಾಡಿಸುವರು.

ಮಾತ್ರೆ ಬಿಟ್ಟ ಕೂಡಲೇ ಕಾಯಿಲೆ ಮರಳಿದ್ದರಿಂದ ಡಾಕ್ಟರು ಈ ಸಲ ರೇಡಿಯೋ ಅಯೋಡಿನ್ ಕೊಡೋಣ ಎಂದರು. ಒಂದೇ ಒಂದು ಕ್ಯಾಪ್ಸೂಲ್. ಅದರಲ್ಲಿರುವ ವಿಕಿರಣ ಗಂಟಲಿನ ಗ್ರಂಥಿಯೊಳಗೇ ಸೇರಿ, ಅತಿಯಾಗಿ ಕೆಲಸ ಮಾಡುತ್ತಿರುವ ಭಾಗವನ್ನು ನಿಧಾನವಾಗಿ ಸುಡುತ್ತದಂತೆ. ಹದಿನೈದು ದಿನ ಮೊದಲೇ ಅಯೋಡಿನ್ ಬೆರೆಸಿದ ಉಪ್ಪು ಬಿಡಬೇಕಿತ್ತು. ವಾರಿಜಾ ಗಾಂಧಿಬಜಾರಿಗೆ ಹೋಗಿ ಅಯೋಡಿನ್ ಇಲ್ಲದ ಕಲ್ಲುಪ್ಪು ಹುಡುಕಿ ತಂದು ಬೇರೆ ಡಬ್ಬಿಯಲ್ಲಿಟ್ಟಳು. ಮೂರನೆಯ ದಿನ ಮೀನಾಕ್ಷಮ್ಮ ಅಡುಗೆಮನೆ ಒಪ್ಪ ಮಾಡುತ್ತ ಎರಡನ್ನೂ ಒಂದೇ ಡಬ್ಬಿಗೆ ಸುರಿದರು. ಉಪ್ಪಿಗೇಕೆ ಎರಡೆರಡು ಡಬ್ಬಿ ಎಂಬುದು ಅವರ ವಾದ. ವಾರಿಜಾ ಮತ್ತೆ ಗಾಂಧಿಬಜಾರಿಗೆ ಹೋದಳು.

ನವೆಂಬರಿನ ಒಂದು ಸೋಮವಾರ ಖಾಲಿ ಹೊಟ್ಟೆಯಲ್ಲಿ ಆಸ್ಪತ್ರೆಗೆ ಹೋದರೆ, ಮೊದಲು ಗರ್ಭಿಣಿಯಲ್ಲವೆಂದು ಪರೀಕ್ಷೆ ಆಗಬೇಕೆಂದರು. ಮದುವೆಯಾಗಿ ಹದಿನಾಲ್ಕು ವರ್ಷವಾಗಿದೆ, ಅಂಥದ್ದೇನೂ ಇಲ್ಲ ಎಂದರೂ ಕೌಂಟರಿನ ಹುಡುಗಿ ಬಿಡಲಿಲ್ಲ. ಒಂದು ಗಂಟೆ ಕಾದ ಮೇಲೆ, ವಾರಿಜಾಳಿಗೆ ಚೆನ್ನಾಗಿ ಗೊತ್ತಿದ್ದ ಉತ್ತರವೇ ಕಾಗದದ ಮೇಲೆ ಬಂತು.

ಆಮೇಲಿನದು ಎರಡು ನಿಮಿಷದ ಕೆಲಸ. ಟೆಕ್ನಿಷಿಯನ್ ಸೀಸದ ಡಬ್ಬಿಯ ಮುಚ್ಚಳ ತೆಗೆದು ದೂರ ಸರಿದು ನಿಂತ. ಅವಳು ಕ್ಯಾಪ್ಸೂಲ್ ನುಂಗಿ ನೀರು ಕುಡಿದಳು. ನೋವಿಲ್ಲ, ರುಚಿಯೂ ಇಲ್ಲ. ಕಷ್ಟವಿದ್ದದ್ದು ಮುಂದಿನ ಏಳು ದಿನದ ಪಥ್ಯದಲ್ಲಿ. ಒಬ್ಬಳೇ ಮಲಗಬೇಕು, ತಟ್ಟೆ ಲೋಟ ಬಟ್ಟೆ ಬೇರೆ ಇರಬೇಕು, ನೀರು ಹೆಚ್ಚು ಕುಡಿಯಬೇಕು, ಟಾಯ್ಲೆಟ್ಟಿಗೆ ಎರಡೆರಡು ಸಲ ನೀರು ಬಿಡಬೇಕು. ಮನೆಯವರು ಆರಡಿ ದೂರ. ಮಕ್ಕಳು, ಬಸುರಿಯರು ಹತ್ತಿರ ಸುಳಿಯಲೇಬಾರದು.

ಸೀನುವಿನ ತಂಗಿ ಹಂಸಾಗೆ ಆಗ ಆರು ತಿಂಗಳು. ಕುಮಾರಸ್ವಾಮಿ ಲೇಔಟಿನಿಂದ ಪ್ರತಿ ಗುರುವಾರ ತಾಯಿಯ ಕೈಯಡುಗೆ ಉಣ್ಣಲು ಜಯನಗರಕ್ಕೆ ಬರುತ್ತಿದ್ದಳು. ಅವಳಿಗೆ ಇವತ್ತೇ ಫೋನ್ ಮಾಡಿ ವಿಷಯ ತಿಳಿಸಿ ಎಂದು ವಾರಿಜಾ ಆಸ್ಪತ್ರೆಯ ಮೆಟ್ಟಿಲ ಮೇಲೇ ಗಂಡನಿಗೆ ಹೇಳಿದಳು. ಸೀನು ಆಗಲಿ ಎಂದ. ಅವಳು ಆಟೋ ಹತ್ತಿದಳು, ಅವನು ಸ್ಕೂಟರಿನಲ್ಲಿ ಹಿಂದೆ ಹಿಂದೆ ಬಂದ.

ಮನೆಯಲ್ಲಿ ಪಥ್ಯ ಅರ್ಧ ದಿನವೂ ನೆಟ್ಟಗೆ ನಡೆಯಲಿಲ್ಲ. ಮೀನಾಕ್ಷಮ್ಮ ಕಾಫಿ ತಂದವರು ಹಾಸಿಗೆಯ ಮೇಲೇ ಕೂತು ಪಕ್ಕದ ಮನೆಯ ಸುದ್ದಿ ಶುರುಮಾಡುವರು. ದೂರ ಕೂತುಕೊಳ್ಳಿ ಎಂದರೆ, ಎಪ್ಪತ್ತು ವರ್ಷದವಳಿಗೆ ಇನ್ನೇನಾಗಬೇಕು ಎಂದು ಇನ್ನಷ್ಟು ಹತ್ತಿರ ಸರಿಯುವರು. ವಾರಿಜಾಳಿಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಗುರುವಾರ ಹನ್ನೊಂದಕ್ಕೆ ಹಜಾರದಲ್ಲಿ ಹಂಸಾಳ ದನಿ ಕೇಳಿತು. ಎದ್ದು ಚಿಲಕ ಹಾಕುವಷ್ಟರಲ್ಲಿ ಕೋಣೆಯ ಬಾಗಿಲು ತೆರೆದೇಬಿಟ್ಟಿತ್ತು. ಕೈಯಲ್ಲಿ ಹಣ್ಣಿನ ಚೀಲ, ಮುಖದಲ್ಲಿ ನಗು.

"ಒಳಗೆ ಬರ್ಬೇಡ," ವಾರಿಜಾ ಕಿರುಚಿದಳು. "ಮೊದ್ಲು ಹೊರಗೆ ಹೋಗು. ಮನೆಗೆ ಹೋಗು ಹಂಸಾ."

ಓಡಿಹೋಗಿ ಬಾಗಿಲು ಹಾಕುವಂತಿಲ್ಲ, ಅದು ಹಂಸಾಳ ಹತ್ತಿರ ಹೋದಂತೆಯೇ. ಕಿಟಕಿಗೆ ಬೆನ್ನು ಆನಿಸಿ ನಿಂತು ಹೋಗು, ಹೋಗು ಎಂದು ಕೈಬೀಸಿದಳು. ಹಂಸಾಳ ಕಣ್ಣು ತುಂಬಿತು. ಚೀಲವನ್ನು ಹೊಸ್ತಿಲಲ್ಲಿಟ್ಟು, ಊಟ ಮಾಡದೆ ಹೊರಟುಹೋದಳು. ಆಮೇಲೆ ಹಜಾರದಿಂದ ಮೀನಾಕ್ಷಮ್ಮನ ಮಾತು ಸ್ಪಷ್ಟವಾಗಿ ಕೇಳಿತು.

"ತನಗಿಲ್ಲ ಅಂತ, ಬಸುರಿ ಹೆಂಗಸನ್ನ ಹೀಗಾ ಅಟ್ಟೋದು?"

ವಾರಿಜಾ ಹಾಸಿಗೆಯ ಅಂಚಿನಲ್ಲಿ ಕೂತಳು. ಹದಿನಾಲ್ಕು ವರ್ಷದಲ್ಲಿ ಈ ಮಾತನ್ನು ಮನೆಯವರು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಮಧ್ಯಾಹ್ನದ ಊಟ ಆರಿ ತಣ್ಣಗಾಯಿತು.

ಸಂಜೆ ಸೀನು ಬಂದ ಮೇಲೆ ನಿಜ ಗೊತ್ತಾಯಿತು. ಬಸುರಿಗೆ ರೇಡಿಯೇಷನ್ ಎಂದೆಲ್ಲ ಹೇಳಿ ಏಕೆ ಹೆದರಿಸುವುದೆಂದು, ಅತ್ತಿಗೆಗೆ ಜ್ವರ ಎಂದಷ್ಟೇ ಹೇಳಿದ್ದನಂತೆ. ಜ್ವರವೆಂದು ಕೇಳಿಯೇ ಅವಳು ಹಣ್ಣು ತಂದದ್ದು. ತಾಯಿಗೂ ಬಸುರಿಯರ ವಿಷಯ ಅವನು ಹೇಳಿರಲಿಲ್ಲ. ಇಷ್ಟೆಲ್ಲ ಒಪ್ಪಿಕೊಂಡು ಬಾಗಿಲಾಚೆಯಿಂದ ಸಮಾಧಾನ ಮಾಡಲು ನೋಡಿದ.

"ಬಿಡೆ, ಇದೆಲ್ಲ ಥೈರಾಯ್ಡು."

"ಅಲ್ಲಾ ರೀ, ಇದು ನಾನು," ಎಂದಳು ವಾರಿಜಾ. ದನಿ ಏರಲಿಲ್ಲ. "ಕಾಯಿಲೆ ಪೂರ್ತಿ ವಾಸಿಯಾದ್ರೂ ಈ ಸಿಟ್ಟು ಇದ್ದೇ ಇರತ್ತೆ. ಈಗ್ಲೇ ಹಂಸಾಗೆ ಫೋನ್ ಮಾಡಿ, ಇದ್ದದ್ದು ಇದ್ದಹಾಗೆ ಹೇಳಿ. ಅತ್ತೆನೂ ಕೇಳಿಸ್ಕೊಳ್ಲಿ."

ಸೀನು ಫೋನ್ ಮಾಡಿದ. ತಡವರಿಸಿದಲ್ಲೆಲ್ಲ ವಾರಿಜಾ ಕೋಣೆಯಿಂದ ತಿದ್ದಿದಳು. ಮಗುವಿಗೇನಾದರೂ ಆಗುತ್ತದೆಯೇ ಎಂದು ಹಂಸಾ ಕೇಳಿದಳು. ಬಾಗಿಲಲ್ಲಿ ಅರೆಗಳಿಗೆ ನಿಂತದ್ದಕ್ಕೆ ಹೆದರಬೇಕಿಲ್ಲ, ಆದರೂ ಆಸ್ಪತ್ರೆಯ ನಂಬರ್ ಬರೆದುಕೊಂಡು ನೀನೇ ಕೇಳು ಎಂದು ವಾರಿಜಾ ಹೇಳಿಸಿದಳು. ಮರುದಿನ ಹಂಸಾ ವಿಚಾರಿಸಿದಳು, ಅಲ್ಲಿಯವರೂ ಅದನ್ನೇ ಹೇಳಿದರು. ಅತ್ತಿಗೆ ಅಟ್ಟಿದ್ದೇ ಒಳ್ಳೆಯದಾಯಿತು ಎಂದು ತಾಯಿಗೆ ಫೋನಿನಲ್ಲಿ ತಿಳಿಸಿದಳು. ಮೀನಾಕ್ಷಮ್ಮ ತಪ್ಪಾಯಿತು ಎನ್ನಲಿಲ್ಲ. ಆದರೆ ಆವತ್ತಿನಿಂದ ಕಾಫಿಯನ್ನು ಬಾಗಿಲಾಚೆ ಸ್ಟೂಲಿನ ಮೇಲಿಟ್ಟು, ಕರೆದು, ಹಿಂದೆ ಸರಿಯತೊಡಗಿದರು.

ಏಳು ದಿನ ಮುಗಿದವು, ಆರು ವಾರವೂ ಕಳೆಯಿತು. ಎದೆಬಡಿತ ಇಳಿಯಲಿಲ್ಲ. ಔಷಧಿ ಹಿಡಿಯಲಿಲ್ಲವೇನೋ ಎಂದು ಸೀನು ರಾಗ ಎಳೆದ. ಎರಡು ಮೂರು ತಿಂಗಳು ಹಿಡಿಯುತ್ತದೆಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು, ಇವನು ಪಕ್ಕದಲ್ಲೇ ಕೂತಿದ್ದ. ಫೆಬ್ರವರಿಯಲ್ಲಿ ಕೈನಡುಕ ನಿಂತಿತು. ಏಪ್ರಿಲಿನಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಪೂರ್ತಿ ಕೆಳಗಿಳಿದಿತ್ತು. ಬಹಳ ಜನರಿಗೆ ಹೀಗೆಯೇ ಆಗುವುದು, ಇನ್ನು ಜೀವನವಿಡೀ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಎಂದರು ಡಾಕ್ಟರು.

ಹಂಸಾ ಬಾಣಂತನಕ್ಕೆ ಬಂದಿದ್ದಳು. ವಾರಿಜಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಈ ವಿಷಯ ಹೇಳುತ್ತಿದ್ದಂತೆ ಮೀನಾಕ್ಷಮ್ಮ ನಡುವೆ ಬಾಯಿಹಾಕಿದರು. ಮೊದಲು ಜಾಸ್ತಿ, ಈಗ ಕಮ್ಮಿ, ಹಾಗಾದರೆ ವಾಸಿಯಾದದ್ದು ಏನು? ವಾರಿಜಾ ಉಸಿರೆಳೆದುಕೊಂಡು ಮೊದಲಿನಿಂದ ಶುರುಮಾಡಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಅವರು ಮತ್ತೆ ಏನೋ ಕೇಳಲು ಹೊರಟರು.

"ಅಮ್ಮ, ಅತ್ತಿಗೆ ಮಾತು ಮುಗೀಲಿ," ಎಂದಳು ಹಂಸಾ.