ಹನ್ನೊಂದರ ಸಂದರ್ಶನ

ಕೊಟ್ಟೂರಿನ ನಮ್ಮ ಮನೆಯ ಇಂಟರ್ನೆಟ್ ಡಬ್ಬಿ ಬಿಳಿ ಬಣ್ಣದ್ದು, ರೊಟ್ಟಿ ಹಂಚಿನಷ್ಟು ಅಗಲ. ಒಂದೇ ಗುಂಡಿ. ಒತ್ತಿದರೆ ಅದರ ಪರದೆಯಲ್ಲಿ ಎದುರಿನವರ ಮುಖ ಬರುತ್ತದೆ, ಅವರಿಗೆ ನಮ್ಮದು ಕಾಣುತ್ತದೆ. ನನ್ನಂಥವಳೂ ನಡೆಸಬಹುದೆಂದು ನನ್ನ ಗಂಡ ಏಕಾಂತಪ್ಪ ತಂದದ್ದು.

ಅವತ್ತು ಹನ್ನೊಂದಕ್ಕೆ ಮಗಳು ವಾಣಿಶ್ರೀ ಅದರ ಮುಂದೆ ಕುಳಿತಳು. ದಾವಣಗೆರೆಯ ಆಸ್ಪತ್ರೆಯೊಂದರ ಲ್ಯಾಬ್ ಕೆಲಸಕ್ಕೆ ಸಂದರ್ಶನ. ಮೂರು ಸಲ ಅರ್ಜಿ ಹಾಕಿದ ಮೇಲೆ ಬಂದ ಮೊದಲ ಕರೆ. ಹತ್ತು ನಿಮಿಷದೊಳಗೆ ಮುಖ ಕಾಣದಿದ್ದರೆ ಹೆಸರು ತೆಗೆಯುತ್ತೇವೆ, ನಡುವೆ ಬೇರೆ ಫೋನಿಗೆ ಬದಲಿಸುವ ಹಾಗಿಲ್ಲ ಎಂದು ಮೊದಲೇ ತಿಳಿಸಿದ್ದರು.

"ಮುಖ ಕಾಣ್ತಿಲ್ಲ, ಬರೀ ಮಂಜು," ಎಂದಿತು ಪರದೆಯೊಳಗಿನ ಹೆಣ್ಣುದನಿ.

ನನಗೆ ಸಿಟ್ಟು ಬರಲು ಎಷ್ಟು ಹೊತ್ತು? ಮೊದಲು ಗಂಡನ ಮೇಲೆ ಹರಿಹಾಯ್ದೆ.

"ಇಂಥಾ ಹಾಳು ಡಬ್ಬಿ ತರಬ್ಯಾಡ್ರಿ ಅಂತ ಬಡಕೊಂಡೆ!"

ಅವರು ವೈರು ಅಲುಗಿಸಿದರು. ನಾನು ಹಿತ್ತಲಿಗೆ ಹೋಗಿ ನೆಟ್ ಲೈನಿನ ಚನ್ನಬಸವನಿಗೆ ಫೋನು ಹಚ್ಚಿದೆ.

"ದನಿ ಬರಾಕತ್ತೈತಿ ಅಂದ್ರ ಲೈನ್ ಚಲೋ ಐತ್ರಿ ಅಕ್ಕಾರ," ಎಂದ. ಅವನಿಗೂ ಬೈದೆ. ಆರು ನಿಮಿಷ ಹೋಗಿತ್ತು. ಉಳಿದವರು ಅಲ್ಲೇ ಹಿತ್ತಲಲ್ಲಿದ್ದ ಅತ್ತೆ ಪಂಪಮ್ಮ.

"ನೀವೇನರ ಆ ಡಬ್ಬಿ ಮುಟ್ಟಿದ್ರೇನ್ರಿ?"

"ನಾ ಯಾಕ ಮುಟ್ಲಿ? ನಿನ್ನಿ ಅಮಾಸಿ ಪೂಜಿ ಮಾಡಿದಾಕಿ ನೀನ. ಬೈಕಿಗಿ, ಮಿಕ್ಸರ್‌ಗಿ, ಆ ಡಬ್ಬಿಗೂ ವಿಭೂತಿ ಹಚ್ಚಿದಿ."

ನನ್ನ ಜೀವವೇ ಹಾರಿತು. ಮಗಳ ಕೆಲಸ ಆಗಲೆಂದು ಡಬ್ಬಿಯ ಹಣೆಗೆ ಉಳಿದ ಸಾಮಾನಿಗಿಂತ ದಪ್ಪಗೇ ಎಳೆದಿದ್ದೆ. ಕ್ಯಾಮೆರಾ ಇದ್ದದ್ದೂ ಅಲ್ಲೇ, ಮೆಣಸಿನ ಕಾಳಿನಷ್ಟು. ಬಿಳಿಯ ಮೇಲಿನ ಬಿಳಿ ಯಾರಿಗೆ ಕಾಣಬೇಕು? ಓಡಿಹೋಗಿ ಸೆರಗಿನಿಂದ ಉಜ್ಜಿದೆ. ಹನ್ನೊಂದು ಗಂಟೆ ಒಂಬತ್ತು ನಿಮಿಷಕ್ಕೆ ವಾಣಿಯ ಮುಖ ಪರದೆಯ ಮೂಲೆಯಲ್ಲಿ ನಿಚ್ಚಳವಾಯಿತು.

"ಇಷ್ಟೊತ್ತು ಏನಾಗಿತ್ತು?" ಆ ದನಿ ಗಡುಸಾಗಿತ್ತು.

ನಾನು ಮೇಜಿನ ಪಕ್ಕಕ್ಕೆ ಸರಿದು ನಿಂತೆ. ನಮ್ಮವ್ವ ಮಾಡಿದ್ದು ಎಂದು ವಾಣಿ ಹೇಳಿಬಿಡಲಿ, ಹೇಗಾದರೂ ಪಾರಾಗಲಿ ಅನ್ನಿಸಿತು.

"ಕ್ಯಾಮೆರಾ ಒರೆಸಿ ನೋಡಿರಲಿಲ್ಲ ಮೇಡಂ. ತಪ್ಪು ನಂದೇ," ಎಂದಳು ವಾಣಿ.

"ಲ್ಯಾಬಿನಲ್ಲೂ ಹೀಗೇ ನೋಡದೆ ಕೂರ್ತೀರಾ?" ಆಕೆ ಏನೋ ಬರೆದುಕೊಂಡಳು.

ಅದು ನಾನ್ರಿ ಮಾಡಿದ್ದು ಎಂದು ಕೂಗಲು ಬಾಯಿ ತೆರೆದೆ. ವಾಣಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮೇಜಿನ ಕೆಳಗೆ ನನ್ನ ಕೈ ಹಿಡಿದು ಗಟ್ಟಿಯಾಗಿ ಅದುಮಿದಳು.

"ಇಲ್ಲ ಮೇಡಂ," ಎಂದಳು. "ಇನ್ನು ಮೇಲೆ ನೋಡದೆ ಕೂರಲ್ಲ."