ತಿರುಗುತ್ತಿರುವ ತನಕ

ಸಂಜುಕುಮಾರ ಕಂಪ್ಯೂಟರಿನ ಪ್ಲಗ್ಗಿಗೆ ಕೈ ಹಾಕಿದ್ದನಷ್ಟೇ, ಸರಿತಾ ಓಡಿಬಂದು ಅವನ ಮುಂಗೈ ಹಿಡಿದಳು.

"ಅದನ್ನ ತಗೀಬ್ಯಾಡ ಸಂಜು."

"ವೈನಿ," ಎಂದ ಅವಳ ಗಂಡನ ಚಿಕ್ಕಪ್ಪನ ಮಗ, "ಇನ್ವರ್ಟರ್ ಹ್ಯಾಂಗ ಚೀರಾಕತ್ತದ ನೋಡ್ರಿ. ಎರಡೂ ಜಗ್ಗಂಗಿಲ್ಲ ಅದು. ಒಂದ್ ಬಂದ್ ಮಾಡ್ಲೇಬೇಕು."

ಮೂಲೆಯಲ್ಲಿ ಇನ್ವರ್ಟರು ಕೆಂಪು ದೀಪ ಮಿನುಗಿಸುತ್ತ ಕೂಗುತ್ತಿತ್ತು. ಪಡಸಾಲೆಯಲ್ಲಿ ಹುಮನಾಬಾದಿನಿಂದ ತರಿಸಿದ ಗಾಜಿನ ಮುಚ್ಚಳದ ತಂಪುಪೆಟ್ಟಿಗೆ, ಅದೂ ಅದೇ ಇನ್ವರ್ಟರಿನ ಮೇಲೆ; ಅದರೊಳಗೆ ಸರಿತಾಳ ಗಂಡ ಸೂರ್ಯಕಾಂತ. ಹುಮನಾಬಾದ್ ಮಂಡಿಯ ದಲ್ಲಾಳಿಯೊಬ್ಬನ ಅಡತ್ ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಬಿಲ್ಲು ಹಾಕುವ ಕೆಲಸ ಅವನದು. ನಿನ್ನೆ ಸಂಜೆ ಅಲ್ಲೇ, ಕುರ್ಚಿಯಲ್ಲೇ, ಎದೆ ಹಿಡಿದುಕೊಂಡು ವಾಲಿದ್ದ. ಈಗ ಒಳಕೋಣೆಯ ಮೇಜಿನ ಮೇಲೆ ಅವನ ಸ್ವಂತ ಕಂಪ್ಯೂಟರು, ಅದಕ್ಕೆ ತಂತಿಯಿಂದ ಜೋಡಿಸಿದ ಹಳೆಯ ಹಾರ್ಡ್‌ಡಿಸ್ಕು. ಡಿಸ್ಕು ಗರಗರ ಎನ್ನುತ್ತ ತಿರುಗುತ್ತಲೇ ಇತ್ತು.

ಅವರ ಊರು ಮುಡಬಿಯ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರು, ಬೆಳಿಗ್ಗೆಯೇ ಸುಟ್ಟುಹೋಗಿತ್ತು. ಸಂಜೆಯ ತನಕ ಕರೆಂಟಿಲ್ಲ. ಊರಿನ ಜನರೇಟರು ಬಸವಕಲ್ಯಾಣದ ಯಾವುದೋ ಮದುವೆಗೆ ಹೋಗಿತ್ತು. ಸೂರ್ಯಕಾಂತನ ತಮ್ಮ ಓಂಪ್ರಕಾಶ ಕುರಿ ಹಿಂಡಿನೊಂದಿಗೆ ಜಹೀರಾಬಾದಿನ ಆಚೆ ಎಲ್ಲೋ ಇದ್ದ. ಹಿಂಡನ್ನು ಇನ್ನೊಬ್ಬರಿಗೆ ಒಪ್ಪಿಸಿ ಅವನು ಬರಬೇಕು, ಅಣ್ಣನ ಮುಖ ನೋಡಬೇಕು, ಆಮೇಲೆ ಮಣ್ಣು. ಹೊರಗೆ ಬಿಸಿಲು ಹೆಂಚಿನ ಹಾಗೆ ಕಾದಿತ್ತು.

"ಏನದ ಆ ಮಷಿನ್‌ದಾಗ? ಬಂಗಾರ ಅದ ಏನು?" ಬಾಗಿಲಲ್ಲಿ ನಿಂತ ಅತ್ತೆ ಧೂಳಮ್ಮ ಕೇಳಿದಳು.

ಸರಿತಾ ಹೆಂಗಸರ ಗುಂಪಿನ ಅಂಚಿನಲ್ಲಿ ಕೂತಿದ್ದ ಮಹಜಬೀನಳನ್ನು ನೋಡಿದಳು. ಬೆಳಿಗ್ಗೆಯಿಂದ ಮಹಜಬೀನ್ ಅಳುತ್ತಿದ್ದಳು, ಅಳು ನಿಂತಾಗಲೆಲ್ಲ ಒಳಕೋಣೆಯ ಸದ್ದಿಗೆ ಕಿವಿಗೊಡುತ್ತಿದ್ದಳು. ಸತ್ತವರ ಮನೆಯಲ್ಲಿ ತನ್ನ ಡಿಸ್ಕಿನ ಮಾತನ್ನು ಬಾಯಿಬಿಟ್ಟು ಕೇಳುವುದು ಹೇಗೆ?

*

ಹೋದ ವಾರ ಮಹಜಬೀನ್ ಆ ಡಿಸ್ಕನ್ನು ದುಪಟ್ಟಾದಲ್ಲಿ ಸುತ್ತಿ ತಂದಿದ್ದಳು. ಅದು ಆಕೆಯ ಗಂಡ ಮೆಹಬೂಬನದು. ಊರಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಮೆಹಬೂಬ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಸೂರ್ಯಕಾಂತ ಡಿಸ್ಕನ್ನು ಬೋರಲು ಹಿಡಿದು ತಟ್ಟಿದ. ಮೇಜಿನ ಮೇಲೆ ಜೋಳದ ಕಾಳು ಉದುರಿದವು.

"ಇದೇನ್ ಆಪಾ, ಡಿಸ್ಕಿನ್ಯಾಗ ಬಿತ್ತನಿ ಮಾಡೀಯೇನು?"

"ಮಳಿಗಾಲದಾಗ ಸ್ಟುಡಿಯೋ ಸೋರ್ತು ಅಣ್ಣಾ. ತೋಯ್ದ ಫೋನ್ ಅಕ್ಕ್ಯಾಗ ಇಡ್ತಾರಲ್ಲಾ? ಮನ್ಯಾಗ ಅಕ್ಕಿ ಇದ್ದಿಲ್ಲ. ಜೋಳದ ಚೀಲದಾಗ ಇಟ್ಟೆ."

"ಅಕ್ಕಿಗೆ ಅಷ್ಟ್ ನೀರ್ ಜಗ್ಗೂ ತಾಕತ್ತ್ ಇದ್ದಿದ್ರ ಚೀಲದಾಗೇ ಅನ್ನ ಆಗ್ತಿತ್ತು! ಈ ಸುದ್ದಿ ಹಬ್ಬಿಸಿದಾವನ್ನ ಹುಡುಕಾಕತ್ತೇನಿ ನಾ. ಸಿಕ್ರ ಅವನ್ನೇ ಜೋಳದ ಚೀಲದಾಗ ಹಾಕ್ತೇನಿ." ಬ್ರಷ್ಷಿನಿಂದ ಹೊಟ್ಟು ತೆಗೆಯುತ್ತ ಕೇಳಿದ, "ಏನ್ ಬೇಕು ಇದ್ರಾಗ?"

"ನಮ್ಮ ಮಗಳು ಸರ್ವರಿದು ಬರ್ತ್‌ಡೇ ವಿಡಿಯೋ. ಅದ್ರಾಗ ಅವರ ಆವಾಜ್ ಅದ. ಪೋರಿ ಅಪ್ಪನ ಆವಾಜ್ ಮರ್ತಾಳ ಅಣ್ಣಾ."

ಸೂರ್ಯಕಾಂತ ಮತ್ತೆ ನಗಲಿಲ್ಲ. ಹಲವು ಸಂಜೆ ತಂತಿ ಬದಲಿಸಿ, ಡಿಸ್ಕಿನ ಸರ್ಕ್ಯೂಟ್ ಹಲಗೆ ಬದಲಿಸಿ ನೋಡಿದ. ಕೊನೆಗೆ ಡಿಸ್ಕು ತಿರುಗಲು ಶುರುವಾದ ದಿನ ಸರಿತಾಳನ್ನು ಕರೆದು ತೋರಿಸಿದ್ದ. "ನಕಲ್ ಆಗಾಕತ್ತದ. ಭಾಳ ಮೆಲ್ಲಕ. ಎರಡ್ ಮೂರ್ ದಿನ ಹಿಡಿತದ, ಹಿಡೀಲಿ. ಬಂದ್ ಮಾತ್ರ ಮಾಡಬ್ಯಾಡ. ಇದು ಮುದಿ ಕುರಿ ಇದ್ದಂಗ. ನಡಸ್ಕೋತ ಹೋದ್ರ ಹೋಗ್ತದ. ಒಮ್ಮೆ ಕುಂತ್ರ ಮತ್ತ ಏಳಂಗಿಲ್ಲ."

*

ಸರಿತಾ ಪಡಸಾಲೆಗೆ ಬಂದು ತಂಪುಪೆಟ್ಟಿಗೆಯ ಪ್ಲಗ್ಗನ್ನು ತಾನೇ ಕಿತ್ತಳು. ಇನ್ವರ್ಟರಿನ ಕೂಗು ನಿಂತಿತು. ಮನೆಯಲ್ಲಿ ಉಳಿದದ್ದು ಗರಗರ ಸದ್ದೊಂದೇ.

ಮಹಜಬೀನ್ ಎದ್ದು ಬಂದಳು. "ಸರಿತಾ, ಬ್ಯಾಡ. ನನಗ ಬ್ಯಾಡ ಅದು. ಅಣ್ಣಾನ್ನ ಇಂಥಾ ಧಗಿಯಾಗ ಹಂಗ ಇಡಬ್ಯಾಡ."

"ನೀ ಬ್ಯಾಡ ಅಂದ್ರ ಆಯ್ತಾ ಆಪಾ? ಚಾಲೂ ಮಾಡಿದಾವ್ರು ಅವರು. ಅವರೇ ಬಂದ್ ಮಾಡ್ಬೇಕಿತ್ತು."

"ಮಷಿನ್ ಬದುಕಲಿ, ನನ್ನ ಮಗ ಬೇಯಲಿ ಅಂತೀಯೇನ?" ಧೂಳಮ್ಮ ಪೆಟ್ಟಿಗೆಯ ಅಂಚು ಹಿಡಿದಳು. "ಜೀವ ಇದ್ದಾಗನೂ ಅದರ ಮುಂದೇ ಕುಂತಾ. ಈಗರ ಬಿಡ್ತದಾ ಅಂದ್ರ..."

ಗಾಜಿನ ಮುಚ್ಚಳ ಮೆಲ್ಲಗೆ ಬೆವರತೊಡಗಿತು. ಸಂಜುಕುಮಾರ ಮುಚ್ಚಳ ಎತ್ತಿದ. ಸೂರ್ಯಕಾಂತನನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಸರಿತಾ ಕಂಬಳಿ ನೆನೆಸಿ ತಂದು ಅವನ ಎದೆಯ ತನಕ ಹೊದಿಸಿದಳು. ಮಹಜಬೀನ್ ತಲೆಯ ಬಳಿ ಕೂತು ಬೀಸಣಿಗೆ ಬೀಸತೊಡಗಿದಳು. ಒಂದು ಕೈ ಸೋತರೆ ಇನ್ನೊಂದು ಕೈಗೆ. ಬೇರೆ ಹೆಂಗಸರು ಕೇಳಿದರೂ ಬೀಸಣಿಗೆ ಬಿಡಲಿಲ್ಲ.

ಹೊರಗೆ ಬೇವಿನ ನೆರಳಲ್ಲಿ ಗಂಡಸರ ಮಾತು ನಡೆದಿತ್ತು.

"ನನ್ನ ಮೊಬೈಲ್ ಸ್ಲೋ ಆಗ್ಯದ ಅಂತ ಸೂರ್ಯಕಾಂತಗ ತೋರ್ಸಿದೆ," ಪಕ್ಕದ ಮನೆಯ ಜ್ಞಾನೇಶ್ವರ ಹೇಳುತ್ತಿದ್ದ. "ಮೊದಲ ಆ ಕ್ಲೀನರ್ ಆ್ಯಪ್ ತಗಿ ಅಂದ. ಕಸಾ ಹೊಡಿಯಾಕ ಬಂದಾವ ನಿನ್ನ ಮನ್ಯಾಗೇ ಮಂಚ ಹಾಕ್ಕೊಂಡ್ ಮಲಗ್ಯಾನ ಅಂದ."

ಯಾರೋ ನಕ್ಕು, ತಕ್ಷಣ ಕೆಮ್ಮಿದರು.

"ಫೋಟೋ ಒಂದೇ ಕಡಿ ಇಟ್ರ ಇಟ್ಟಂಗಲ್ಲ, ಎರಡ್ ಕಡಿ ಇಡು ಅಂತ ಊರಿಗೆಲ್ಲಾ ಹೇಳ್ತಿದ್ದ," ಎಂದ ಸಂಜುಕುಮಾರ. "ಈಗ ಹಾರ ಹಾಕಾಕ ಅವಂದೇ ಒಂದ್ ಫೋಟೋ ಇಲ್ಲ. ಕ್ಯಾಮೆರಾ ಕಂಡ್ರ ಸರಿದು ನಿಲ್ತಿದ್ದ. ಆಧಾರ್ ಕಾರ್ಡಿನ ಫೋಟೋನೇ ದೊಡ್ಡದು ಮಾಡಿಸಾಕ ಕಳಿಸೇನಿ. ಕಳ್ಳನಂಗ ಕಾಣ್ತಾನ ಅದ್ರಾಗ."

ಸರಿತಾ ಅದನ್ನು ಕೇಳಿಸಿಕೊಂಡಳು. ಫೋಟೊ ಹೋಗಲಿ. ಅವನ ದನಿ ಎಲ್ಲಿದೆ ಎಂದು ತನ್ನ ಫೋನನ್ನು ಬೆಳಿಗ್ಗೆಯೇ ಹುಡುಕಿದ್ದಳು. ಅವನು ಕಳಿಸಿದ್ದೆಲ್ಲ ಅಕ್ಷರಗಳು. ಬಸ್ಸಿನ್ಯಾಗ ಇದ್ದೇನಿ. ಊಟ ಮಾಡು.

*

ಫೋನಿನಲ್ಲಿ ಯಾರು ಏನು ಕೇಳಿದರೂ ತಾಳ್ಮೆಯಿಂದ ಹೇಳಿಕೊಡುತ್ತಿದ್ದ ಸೂರ್ಯಕಾಂತ ಊಟಕ್ಕೆ ಕೂತರೆ ಮೂಕನಾಗುತ್ತಿದ್ದ. ಒಂದು ಸಂಜೆ ತಡೆಯಲಾರದೆ ಸರಿತಾ ಅಡುಗೆಮನೆಯಿಂದಲೇ ಅವನಿಗೆ ಫೋನ್ ಹಚ್ಚಿದಳು.

"ಹಲೋ, ನಮ್ಮ ಮಷಿನ್ ಬಂದ್ ಬಿದ್ದದ್ರಿ."

ಒಳಕೋಣೆಯಲ್ಲಿ ಕುರ್ಚಿ ಕಿರುಗುಟ್ಟಿತು. ಗೋಡೆಯ ಆಚೆಯಿಂದಲೂ ಕಿವಿಯೊಳಗಿನಿಂದಲೂ ಅದೇ ದನಿ ಬಂತು. "ಗಾಬರಿ ಆಗಬ್ಯಾಡ್ರಿ. ಮೊದಲ ಏನೂ ಒತ್ತಬ್ಯಾಡ್ರಿ. ಮುಂದ ಏನ್ ಕಾಣಾಕತ್ತದ, ಅದನ್ನಷ್ಟೇ ಓದ್ರಿ."

"ಬ್ಯಾಳಿ ಉಕ್ಕಾಕತ್ತದ್ರಿ."

ಅವನು ಗಂಟಲು ಸರಿಪಡಿಸಿಕೊಂಡ. ಏನಾದರೂ ಹೇಳುವ ಮೊದಲು ಯಾವಾಗಲೂ ಹಾಗೇ. "ಒಲಿ ಸಣ್ಣ ಮಾಡ್ರಿ," ಎಂದ. ಆದರೆ ಫೋನ್ ಇಡಲಿಲ್ಲ. ಅವಳೂ ಇಡಲಿಲ್ಲ. ಬೇಳೆ ಬೇಯುವ ತನಕ ಇಬ್ಬರೂ ಹಾಗೇ ಫೋನು ಹಿಡಿದು ಸುಮ್ಮನಿದ್ದರು.

*

ಓಂಪ್ರಕಾಶ ಬಂದಾಗ ಬಿಸಿಲು ಗೋಡೆ ಇಳಿದಿತ್ತು. ಹೆಗಲ ಕಂಬಳಿಯನ್ನೂ ತೆಗೆಯದೆ ಅಣ್ಣನ ಕೆನ್ನೆಗೆ ಕೈ ಇಟ್ಟ. ಇಟ್ಟ ಕೈ ಹಿಂದಕ್ಕೆ ಬಂತು. ಮುಖ ಬಾತಿತ್ತು, ತುಟಿ ಕಪ್ಪಾಗಿತ್ತು. ಊದಿನಕಡ್ಡಿಯ ಹೊಗೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು.

"ತಂಪಿನ ಡಬ್ಬಿ ತರಿಸೇವಿ ಅಂದಿದ್ರಿ," ಅವನು ಸರಿತಾಳ ಕಡೆ ತಿರುಗಿದ. "ಯಾಕ ಬಂದ್ ಇತ್ತು ವೈನಿ?"

ಬೀಸಣಿಗೆ ನಿಂತಿತು. ಒಳಕೋಣೆಯ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಸರಿತಾ ಬಾಯಿ ತೆರೆದಳು.

"ಕರೆಂಟ್ ಇದ್ದಿಲ್ಲಪ್ಪಾ," ಎಂದಳು ಧೂಳಮ್ಮ. ಸೊಸೆಯ ಮುಖ ನೋಡಲಿಲ್ಲ. "ಟಿಸಿ ಸುಟ್ಟದ. ಏಳು, ಹೊತ್ತಾಗ್ತದ."

ಹೆಂಗಸರು ಹೆಣದ ಹಿಂದೆ ಊರ ಅಗಸಿಯ ತನಕ ಹೋಗಿ ಮರಳಿದರು. ಧೂಳಮ್ಮ ಅಂಗಳದಲ್ಲೇ, ಕುರಿ ಕಟ್ಟುವ ಗೂಟದ ಬಳಿ ಕೂತುಬಿಟ್ಟಳು. ಮಹಜಬೀನ್ ಹೊಸ್ತಿಲ ಹೊರಗೆ ನಿಂತಳು. ಒಳಗೆ ಗರಗರ ಸದ್ದಿರಲಿಲ್ಲ.

"ಕುಂತದ," ಎಂದಳು ಮಹಜಬೀನ್, ಮೆಲ್ಲಗೆ.

"ಬಾ ಆಪಾ."

ಡಿಸ್ಕಿನ ಮೇಲೆ ಕೈ ಇಟ್ಟರೆ ಇನ್ನೂ ಬಿಸಿ, ಆದರೆ ಅಲುಗಾಟವಿಲ್ಲ. ಪರದೆಯ ಮೇಲೆ ಒಂದು ಸಾಲು ಇಂಗ್ಲಿಷು. ಸರಿತಾ ಏನೂ ಒತ್ತಲಿಲ್ಲ. ಮೊದಲು ಓದಿದಳು, ಅಕ್ಷರ ಅಕ್ಷರ ಕೂಡಿಸಿ. ಅರ್ಧಕ್ಕಿಂತ ತುಸು ಹೆಚ್ಚು ನಕಲಾಗಿತ್ತು. ಉಳಿದದ್ದು ಓದಲಾಗಲಿಲ್ಲ ಎಂದಿತ್ತು. ಕೆಳಗಿನ ಕಡತಗಳಲ್ಲಿ ಒಂದಕ್ಕೆ ಸರ್ವರಿಯ ಹೆಸರು.

ತೆರೆದರೆ ಚಿತ್ರ ಬರಲಿಲ್ಲ. ಕಪ್ಪು ಪರದೆ. ಆಮೇಲೆ ಮಕ್ಕಳ ಗದ್ದಲ, ಪಾತ್ರೆಯ ಸದ್ದು, ಅದರ ಮೇಲೆ ಗಂಡಸಿನ ನಗು. ಮಹಜಬೀನ್ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು.

"ಮೇರಿ ಸರ್ವರಿ, ಇಧರ್ ದೇಖ್," ಎಂದ ಮೆಹಬೂಬ. ಮತ್ತೆ ಕನ್ನಡದಲ್ಲಿ, "ಏ ಸೂರ್ಯಾ, ಅಲ್ಲೇನ್ ವಾಯರ್ ನೋಡ್ಕೋತ ನಿಂತೀ? ಇಲ್ಲಿ ಬಾ. ಪೋರಿಗಿ ಏನರ ಒಂದ್ ಮಾತ್ ಹೇಳು."

ಹೆಜ್ಜೆಯ ಸದ್ದು ಹತ್ತಿರ ಬಂತು. ಯಾರೋ ಗಂಟಲು ಸರಿಪಡಿಸಿಕೊಂಡರು.

ಕಡತ ಅಲ್ಲಿಗೆ ಮುಗಿಯಿತು.

ಅಂಗಳದಲ್ಲಿ ಮಣ್ಣಿನಿಂದ ಮರಳಿದ ಗಂಡಸರು ಕಾಲಿಗೆ ನೀರು ಸುರಿದುಕೊಳ್ಳುತ್ತಿದ್ದರು. ಸರಿತಾ ಮೌಸು ಹಿಡಿದು ವಿಡಿಯೋದ ಕೆಳಗಿನ ಗೆರೆಯನ್ನು ಹಿಂದಕ್ಕೆ ಎಳೆದಳು, ಆ ಗಂಟಲಿನ ಸದ್ದಿನ ತನಕ, ಮತ್ತೆ ಪರದೆಗೆ ಕಿವಿ ತಾಗುವಷ್ಟು ಬಾಗಿದಳು.