ಬಣ್ಣ ಕಳಚಿದ ಜಗಲಿ

ಮಣ್ಣು ಮಾಡಿದ ಮರುದಿನವೂ ಕಸದ ಗಾಡಿ ತನ್ನ ಹೊತ್ತಿಗೆ ಸರಿಯಾಗಿ ಬಂತು. ಸುನ್ನಿವಾ ಗಂಡನ ರಬ್ಬರ್ ಚಪ್ಪಲಿಗೇ ಕಾಲು ತೂರಿಸಿ ಡಬ್ಬಿಯನ್ನು ಗೇಟಿನವರೆಗೆ ಎಳೆದಳು. ಒಳಗೆ ಬಂದು ಫ್ರಿಜ್ಜು ತೆಗೆದರೆ ನಿನ್ನೆಯ ಊಟದಲ್ಲಿ ಉಳಿದ ಸೀಗಡಿ ಬ್ರೆಡ್ಡುಗಳು. ಒಂದನ್ನು ನಿಂತೇ ತಿಂದಳು. ರುಚಿ ಗೊತ್ತಾಗಲಿಲ್ಲ. ಗಂಡ ಯೋಸ್ತೈನ್ ಕಚೇರಿಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದ ದಿನದಿಂದ ಅವಳಿಗೆ ಯಾವುದೂ ಗೊತ್ತಾಗುತ್ತಿರಲಿಲ್ಲ. ನಿನ್ನೆ ಚರ್ಚಿನಲ್ಲಿ ಅಳುವವರಿಗೆಲ್ಲ ಕರವಸ್ತ್ರ ಹಂಚಿದವಳು ಅವಳೇ.

ಅಷ್ಟರಲ್ಲಿ ಯೋಸ್ತೈನನ ಅಪ್ಪ, ತೋರ್ಲೈಫ್ ಮಾವನ ಫೋನು ಬಂತು.

"ಏನ್ ಮಾಡ್ತಿದೀಯ, ಹುಡುಗಿ?"

"ತಿಂಡಿ ತಿಂದೆ, ಮಾವ."

"ಒಳ್ಳೇದು. ನೋಡು, ಸೋಮವಾರ ನಾನು ವ್ಯಾನ್ ತಗೊಂಡು ಬರ್ತೀನಿ. ಆ ಹಿಂದಿನ ಮರದ ಜಗಲಿ ಕಿತ್ತು ಹಾಕಿಬಿಡೋಣ. ಪ್ಲಾಸ್ಟಿಕ್ ಹಲಗೆ ಬಂದಿದೆ ಈಗ, ಬಣ್ಣ ಬೇಡ, ಎಣ್ಣೆ ಬೇಡ. ಅವನು ಅರ್ಧ ಕೆರೆದು ಬಿಟ್ಟ, ಮಳೇಲಿ ಕೊಳೀತಾ ಬಿದ್ದಿದೆ. ಒಬ್ಬಳೇ ಇರೋಳಿಗೆ ಯಾಕೆ ಆ ತಾಪತ್ರಯ."

"ಆಗಲಿ," ಎಂದಳು. ಎರಡು ವಾರದಿಂದ ಎಲ್ಲದಕ್ಕೂ ಅದೊಂದೇ ಮಾತು. ಶವಪೆಟ್ಟಿಗೆ ಬಿಳಿಯದಿರಲಿ ಎಂದರೆ ಆಗಲಿ, ಹಾಡು ಚಿಕ್ಕದಿರಲಿ ಎಂದರೆ ಆಗಲಿ.

ಫೋನಿಟ್ಟು ಹಿಂದಿನ ಬಾಗಿಲು ತೆಗೆದಳು. ಬಿಸಿಲು ಮುಖಕ್ಕೆ ಬಡಿಯಿತು. ಸದಾ ಮಳೆ ಸುರಿಯುವ ಬೆರ್ಗೆನ್ ಊರಿನಲ್ಲಿ ಬಿಸಿಲು ಬಂದರೆ ನೆಂಟರು ಬಂದ ಹಾಗೆ, ಯಾರೂ ಮನೆಯೊಳಗೆ ಕೂರುವುದಿಲ್ಲ. ಗುಡ್ಡದ ಇಳಿಜಾರಿನಲ್ಲೆಲ್ಲ ಏಣಿಗಳು ಎದ್ದಿದ್ದವು, ಎಲ್ಲೆಲ್ಲೂ ಬಣ್ಣದ ಡಬ್ಬಿ ತೆರೆಯುವ ಸದ್ದು. ಪಕ್ಕದ ಮನೆಯ ರೇಡಿಯೊ ಭಾನುವಾರ ಸಂಜೆಯವರೆಗೆ ಮಳೆ ಇಲ್ಲ ಎನ್ನುತ್ತಿತ್ತು.

ಜಗಲಿ ಯೋಸ್ತೈನನ ತಾತ ಹಾಕಿಸಿದ್ದು. ಒಂದು ಪಾಲಿನಲ್ಲಿ ಹಳೆಯ ಕಂದು ಬಣ್ಣ ಗಾಯದ ಹಕ್ಕಳೆಯಂತೆ ಎದ್ದು ನಿಂತಿತ್ತು. ಇನ್ನೊಂದು ಪಾಲನ್ನು ಯೋಸ್ತೈನ್ ಈಸ್ಟರ್ ರಜೆಯಲ್ಲಿ ಬಣ್ಣ ಕಿತ್ತು ತೊಳೆದಿದ್ದ. ಅದು ಮಳೆಗೆ ಬೂದಿಯಂತಾಗಿತ್ತು. ಕೊಳೆತಿದೆಯೋ ನೋಡೋಣವೆಂದು ಸುನ್ನಿವಾ ಸ್ಕ್ರೂಡ್ರೈವರ್ ತಂದು ಒಂದು ಹಲಗೆಗೆ ಚುಚ್ಚಿದಳು. ಇಳಿಯಲಿಲ್ಲ. ಪಕ್ಕದ್ದಕ್ಕೆ ಚುಚ್ಚಿದಳು. ಇಳಿಯಲಿಲ್ಲ. ಮಂಡಿಯೂರಿ, ಕೆರೆಯುವ ಅಲಗಿನಿಂದ ಬೂದಿಯನ್ನು ಒಂದು ಗೇಣು ಕೆರೆದಳು. ಅಡಿಯಲ್ಲಿ ಜೇನಿನ ಬಣ್ಣದ ಮರ. ಮೊನ್ನೆ ಕಡಿದ ಪೈನ್ ಮರದಂತೆ ಅಂಟಿನ ವಾಸನೆ ಗಮ್ಮೆಂದು ಮೂಗಿಗೆ ಏರಿತು.

ಎದೆಯೊಳಗೆ ಏನೋ ದಡದಡ ಎಂದಿತು. ಗಂಡನಿಗಾದದ್ದೇ ತನಗೂ ಆಯಿತೇನೋ ಎಂದು ಹೆದರಿ ಅಲ್ಲೇ ಕೂತಳು. ಸ್ವಲ್ಪ ಹೊತ್ತು ಕಾದಳು. ರೋಗವಲ್ಲ. ಹುರುಪು. ನಿನ್ನೆ ಗಂಡನನ್ನು ಮಣ್ಣಿಗಿಟ್ಟು ಬಂದವಳಿಗೆ ಇಂದು ಒಂದು ಹಲಗೆಯನ್ನು ನೋಡಿ ಹುರುಪು. ನಾಚಿಕೆಯೂ ಆಯಿತು. ಆದರೆ ಎದ್ದು ಹೋಗಿ ಮಾವನಿಗೆ ಫೋನು ಮಾಡಿಯೇಬಿಟ್ಟಳು.

"ಮಾವ, ಭಾನುವಾರ ಸಂಜೆವರೆಗೆ ನನಗೆ ಬಿಡಿ. ಜಗಲಿ ನಾನು ಮುಗಿಸ್ತೀನಿ."

"ನೀನಾ? ಮೀನಿನ ಕಿವಿ ನೋಡೋಳು?"

ಕಾಡ್ ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ ವರ್ಷವರ್ಷ ಮೂಡುವ ಬಳೆಯಂಥ ಗೆರೆಗಳನ್ನು ಎಣಿಸಿ ಅದರ ವಯಸ್ಸು ಹೇಳುವುದು ಅವಳ ಕೆಲಸ. ಮಾವನಿಗೆ ಅದು ಇನ್ನೂ ನಗೆಯ ವಿಷಯ.

"ಮೀನಿಗಿಂತ ಮರ ವಾಸಿ, ಕೈಯಿಂದ ಜಾರಲ್ಲ."

"ಸರಿ. ಆದ್ರೆ ಮಳೆ ಬಿದ್ದಾಗ ಒಂದೇ ಒಂದು ಹಲಗೆ ಬತ್ತಲೆ ಇದ್ರೂ ಸೋಮವಾರ ಕೀಳೋದೇ. ಆಗಬಹುದಾ?"

"ಆಗಲಿ," ಎಂದಳು. ಈ ಸಲ ಹೇಳಿದ್ದು ಬೇರೆ ಥರ.

ಉಳಿದ ಪಾಲಿಗೆ ಬಣ್ಣ ಕೀಳುವ ದ್ರಾವಣ ಹಚ್ಚಿದಳು. ನೋಡನೋಡುತ್ತ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಮೇಲೆದ್ದಿತು. ಅಲಗು ಹಾಕಿ ತಳ್ಳಿದರೆ ಉದ್ದಕ್ಕೆ ಸುರುಳಿಯಾಗಿ ಬರುತ್ತಿತ್ತು. ಕಂದಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಆ ಸೀಮೆಯವರು ದನದ ಕೊಟ್ಟಿಗೆಗೆ ಹಚ್ಚುವಂಥ ಕೆಂಪು, ಕೆಂಪಿನ ಕೆಳಗೆ ಮರ. ಒಂದು ಹಲಗೆ ಮುಗಿದರೆ ಇನ್ನೊಂದರಲ್ಲಿ ಏನಿದೆಯೋ ಎಂಬ ಆತುರ. ಊಟ ಮರೆತುಹೋಯಿತು.

ಮಧ್ಯಾಹ್ನ ಬೇಲಿಯಾಚೆ ಪಕ್ಕದ ಮನೆಯ ಹಾಲ್ವಾರ್ ನಿಂತಿದ್ದರು. ಬೀದಿಯಲ್ಲಿ ಯಾರಿಗೂ ಒಂದು ಮೊಳೆಯನ್ನೂ ಕೊಡದ ಮನುಷ್ಯ ಎಂದು ಹೆಸರಾದವರು. ಇಂದು ಕೈಯಲ್ಲಿ ಹೆಂಡತಿ ಮಾಡಿದ ಕೇಕಿನ ತಟ್ಟೆ.

"ಹವಾ ಚೆನ್ನಾಗಿದೆ."

"ಹೌದು."

"ಭಾನುವಾರದವರೆಗೆ ಅಂತೆ."

"ಅಂತೆ."

"ಒಣ ಹವಾ ಇದ್ರೆ ಏನಾದ್ರೂ ಕೆಲಸ ಮಾಡ್ಬಹುದು." ಅವರ ಕಣ್ಣು ಬಾಗಿಲ ಬಳಿ ಇದ್ದ ಮರ ಉಜ್ಜುವ ಯಂತ್ರದ ಮೇಲೆ ಹೋಗಿ ಬಂತು. "ಗುನ್ವೂರ್ ಕೇಕು ಮಾಡಿದ್ಲು. ಏನಾದ್ರೂ ಬೇಕಿದ್ರೆ ಹೇಳು."

"ಹೇಳ್ತೀನಿ. ನಿಮಗೇನಾದ್ರೂ ಬೇಕಿತ್ತಾ?"

"ನನಗಾ? ಛೆ ಛೆ." ತಟ್ಟೆಯನ್ನು ಬೇಲಿಯ ಕಂಬದ ಮೇಲಿಟ್ಟು ಹೋದರು. ಹೋಗಿ ತಮ್ಮ ಜಗಲಿಯನ್ನು ಗುಡಿಸತೊಡಗಿದರು.

ಸಂಜೆ ಪೈಪು ಹಿಡಿದು ಎಲ್ಲ ತೊಳೆದಳು. ಗಾಳಿ ಚೆನ್ನಾಗಿತ್ತು, ಬೆಳಗಾಗುವಷ್ಟರಲ್ಲಿ ಹಲಗೆ ಒಣಗುವಂತಿತ್ತು.

ಮರುದಿನ ಶನಿವಾರ, ಯಂತ್ರದ ದಿನ. ಭಾನುವಾರ ಯಂತ್ರದ ಸದ್ದು ಮಾಡಿದರೆ ಆ ಬೀದಿಯಲ್ಲಿ ಯಾರೂ ಬಯ್ಯುವುದಿಲ್ಲ, ಮಾತಾಡಿಸುವುದನ್ನೇ ಬಿಟ್ಟುಬಿಡುತ್ತಾರೆ. ಹಾಗಾಗಿ ಉಜ್ಜುವುದೆಲ್ಲ ಇವತ್ತೇ ಆಗಬೇಕು, ನಾಳೆ ಮರಕ್ಕೆ ಎಣ್ಣೆ. ಮೊದಲು ಯೋಸ್ತೈನನ ಪಾಲು. ಮೊಳೆಗಳ ತಲೆ ತಗ್ಗಿಸಿ, ಯಂತ್ರದ ಗುಂಡಿ ಒತ್ತಿದಳು. ಅದು ಹಗ್ಗ ಬಿಚ್ಚಿದ ಕರುವಿನಂತೆ ಅವಳನ್ನೇ ಎಳೆದುಕೊಂಡು ಓಡಿತು. ಹಲಗೆಯ ಮೇಲೆ ಅರ್ಧಚಂದ್ರದಂಥ ಗಾಯ ಬಿತ್ತು. ಮತ್ತೊಮ್ಮೆ ಒತ್ತಿದಳು. ಮತ್ತೊಂದು ಚಂದ್ರ.

ಬೇಲಿಯಾಚೆಯಿಂದ ಧ್ವನಿ ಬಂತು. "ಎಡಕ್ಕೆ ಎಳೆಯತ್ತೆ ಅದು. ಬಲಗೈ ಸ್ವಲ್ಪ ಹಿಂದಕ್ಕಿರಲಿ. ಒತ್ತಬೇಡ, ಅದರ ಭಾರಕ್ಕೇ ಬಿಡು."

ಹಾಗೆ ಮಾಡಿದಳು. ಕರು ಹಾದಿಗೆ ಬಂತು. "ನಿಮಗೆ ಹೇಗೆ ಗೊತ್ತಾಯ್ತು?"

ಹಾಲ್ವಾರ್ ಪೊರಕೆಯ ತುದಿಯನ್ನು ನೋಡಿಕೊಂಡರು. "ಶಬ್ದ... ಶಬ್ದದಲ್ಲೇ ಗೊತ್ತಾಗತ್ತೆ."

ಮತ್ತೆ ಗುಡಿಸಲು ಹೋದರು. ಅವಳಿಗೆ ಅವರನ್ನು ಗಮನಿಸುವಷ್ಟು ವ್ಯವಧಾನವಿರಲಿಲ್ಲ. ಬೂದಿ ಹಾರುತ್ತಿತ್ತು, ಅದರಡಿಯಿಂದ ಬಂಗಾರ ಏಳುತ್ತಿತ್ತು. ಒಂದೊಂದು ಹಲಗೆಯಲ್ಲೂ ಒಂದೊಂದು ನಮೂನೆಯ ಗೆರೆ. ಎಲ್ಲೋ ಒಂದು ಗಂಟು, ಗಂಟಿನ ಸುತ್ತ ನೀರಿನ ಸುಳಿ. ಕೂದಲಲ್ಲಿ, ಹುಬ್ಬಿನಲ್ಲಿ, ಹಲ್ಲಿನ ಸಂದಿಯಲ್ಲೂ ಮರದ ಹುಡಿ. ಬೇಲಿಯಿಂದ ತಂದ ಕೇಕನ್ನು ಆ ಕೈಯಲ್ಲೇ ಮುರಿದು ಬಾಯಿಗೆ ಹಾಕಿಕೊಂಡಳು. ಏಲಕ್ಕಿ. ಇಷ್ಟು ದಿನದ ಮೇಲೆ ಒಂದು ರುಚಿ ಗೊತ್ತಾಯಿತು. ಇನ್ನೊಂದು ಚೂರು ತಿಂದಳು.

ಯೋಸ್ತೈನನ ಪಾಲು ಮುಗಿಯುವ ಹೊತ್ತಿಗೆ ತೋರ್ಲೈಫ್ ಮಾವ ಬಂದರು. ಸೋಮವಾರ ಬರುತ್ತೇನೆಂದವರು, "ಸುಮ್ನೆ ಈ ಕಡೆ ಬಂದಿದ್ದೆ" ಎಂದರು. ಅವರ ಮನೆ ಊರಿನ ಆ ತುದಿಯಲ್ಲಿತ್ತು. ಜಗಲಿಯ ಅಂಚಿನಲ್ಲಿ ನಿಂತವರು ಮುಂದೆ ಕಾಲಿಡಲಿಲ್ಲ. ಬೂಟು ಕಳಚಿದರು. ಕಾಲುಚೀಲದಲ್ಲೇ ನಡೆದು ಬಂದು, ಮೆಲ್ಲನೆ ಮಂಡಿಯೂರಿ, ಹಲಗೆಯ ಮೇಲೆ ಅಂಗೈ ಎಳೆದರು.

"ಇದು ಇಷ್ಟು ದಿನ ಇದರೊಳಗೇ ಇತ್ತಾ?"

"ಇತ್ತಲ್ಲ."

"ಅಪ್ಪ ಇದನ್ನ ದೋಣೀಲಿ ತಂದಿದ್ದು. ನಾನು ಒಂದು ತುದಿ ಹಿಡಿದಿದ್ದೆ." ಅಂಗೈಯನ್ನು ಮತ್ತೊಮ್ಮೆ ಎಳೆದರು. "ಬಣ್ಣ ಬಳಿದವನೂ ನಾನೇ, ಕತ್ತೆ." ಎದ್ದು ಕೋಟು ತೆಗೆದು ಬಾಗಿಲಿಗೆ ನೇತುಹಾಕಿದರು. "ಉಪ್ಪುಕಾಗದ ಎಲ್ಲಿಟ್ಟಿದೀಯ?"

"ಸೋಮವಾರ ಕೀಳೋದು ಇತ್ತಲ್ಲ, ಮಾವ?"

"ಯಾರು ಹೇಳಿದ್ದು? ನನಗೇನು ತಲೆ ಕೆಟ್ಟಿದೆಯಾ? ಇದನ್ನ ಕೀಳೋಕೆ ಬಂದವರ ಕೈ ಮುರೀತೀನಿ." ಆಮೇಲೆ ಯಂತ್ರವನ್ನು ಕಾಲಿನಿಂದ ತೋರಿಸಿದರು. "ಒಳ್ಳೇ ಮಿಷಿನ್ನು. ಯಾರದು?"

"ನಿಮ್ಮದಲ್ವಾ? ಅವನು ಎಲ್ಲಾ ನಿಮ್ಮ ಹತ್ರದಿಂದಾನೇ ತರ್ತಿದ್ದಿದ್ದು."

"ನನ್ನದು ದೋಣಿ ಇಡೋ ಶೆಡ್ಡಲ್ಲಿ ತುಕ್ಕು ಹಿಡೀತಿದೆ."

ಇಬ್ಬರೂ ಒಟ್ಟಿಗೇ ಬೇಲಿಯಾಚೆ ನೋಡಿದರು. ಹಾಲ್ವಾರ್ ಮನೆಯ ಜಗಲಿಯ ಮೇಲೆ ಕುರ್ಚಿಯಿಲ್ಲ, ಹೂಕುಂಡವಿಲ್ಲ. ಬಣ್ಣ ಕಿತ್ತ ಹಲಗೆಗಳು ಬಿಸಿಲಿಗೆ ಒಣಗಿ, ಉಜ್ಜುವವರಿಗಾಗಿ ಕಾಯುತ್ತಿದ್ದವು. ಅದರ ಮೇಲೆ ಒಂದು ಕಡ್ಡಿಯೂ ಇರಲಿಲ್ಲ. ಹಾಲ್ವಾರ್ ಗುಡಿಸುತ್ತಿದ್ದರು.

"ಯಾವಾಗಿಂದ ಗುಡಿಸ್ತಿದಾನೆ?" ಮಾವ ಪಿಸುಗುಟ್ಟಿದರು.

"ನಿನ್ನೆಯಿಂದ."

"ಬಾಯಿಬಿಟ್ಟು ಕೇಳಬಾರದಾ, ಪುಣ್ಯಾತ್ಮ."

"ಸಾವಿನ ಮನೆಗೆ ಬಂದು ನನ್ನ ಮಿಷಿನ್ ಕೊಡಿ ಅಂತಾರಾ? ನೀವಾಗಿದ್ರೆ ಕೇಳ್ತಿದ್ರಾ?"

ಮಾವ ಯೋಚಿಸಿದರು. "ಇಲ್ಲ. ನಾನೂ ಗುಡಿಸ್ತಿದ್ದೆ."

ಸುನ್ನಿವಾ ನಕ್ಕಳು. ತಡೆಯಲಾಗದೆ, ಹೊಟ್ಟೆ ಹಿಡಿದುಕೊಂಡು. ನಗು ನಿಲ್ಲುವಷ್ಟರಲ್ಲಿ ಮುಖವೆಲ್ಲ ಒದ್ದೆಯಾಗಿ, ಮರದ ಹುಡಿ ಕೆನ್ನೆಗೆ ಮೆತ್ತಿಕೊಂಡಿತ್ತು. ಮಾವ ಆ ಕಡೆ ತಿರುಗಿ ಉಪ್ಪುಕಾಗದ ಹುಡುಕುತ್ತಿದ್ದರು.

"ಇನ್ನರ್ಧ ಕೈಯಲ್ಲೇ ಉಜ್ಜಬೇಕಾಗತ್ತೆ, ಮಾವ."

"ಕೈ ಇಲ್ವಾ ನಮಗೆ? ಹೋಗು, ಕತ್ತಲಾಗೋದ್ರೊಳಗೆ ಅವನದೂ ಆಗಲಿ."

ಅವಳು ಯಂತ್ರದ ಹುಡಿ ಒರೆಸಿ, ತಂತಿ ಸುತ್ತಿ, ಎರಡೂ ಕೈಯಲ್ಲಿ ಎತ್ತಿಕೊಂಡು ಪಕ್ಕದ ಗೇಟಿಗೆ ಹೋದಳು.

"ಹಾಲ್ವಾರ್, ಇದು ನಿಮ್ಮದು."

"ಯಾವುದು? ಓ, ಅದಾ." ಪೊರಕೆ ಗೋಡೆಗೆ ಒರಗಿತು. "ಏನೂ ಅವಸರ ಇರಲಿಲ್ಲ."

"ನನಗೆ ಗೊತ್ತಿರಲಿಲ್ಲ."

"ಛೆ, ನಿನ್ನ ಕೆಲಸ ಮುಗೀಲಿ. ಮುಂದಿನ ವಾರ ಕೊಟ್ರೂ ನಡೆಯತ್ತೆ. ಮುಂದಿನ ತಿಂಗಳು ಆದ್ರೂ..." ಎನ್ನುತ್ತಿರುವಾಗಲೇ ಅವರ ಕೈ ಹಿಡಿಕೆಯನ್ನು ಹಿಡಿದಾಗಿತ್ತು. ಹಿಂದೆ ಬಾಗಿಲಲ್ಲಿ ಗುನ್ವೂರ್ ಉದ್ದನೆಯ ವಿದ್ಯುತ್ ತಂತಿ ಹಿಡಿದು ನಿಂತಿದ್ದರು.

"ಕೊಟ್ಟಿದ್ದಕ್ಕೆ ಥ್ಯಾಂಕ್ಸ್," ಎಂದಳು ಸುನ್ನಿವಾ. "ನನ್ನದೂ, ಯೋಸ್ತೈನನದೂ."

ಹಾಲ್ವಾರ್ ತಲೆಯಾಡಿಸಿದರು. ಅವಳು ಕೈ ಬಿಟ್ಟಳು. ಭಾರ ಅವರ ಕೈಗೆ ಹೋಯಿತು.